ಬಿಟ್ಟುಕೊಡದ ಹಿರಾಗಾ

ಜಪಾನೀ ಭಾಷೆಯಲ್ಲಿ ಯುಜುರು ಅಂದ್ರೆ ಬಿಟ್ಟುಕೊಡೋದು. ಆದರೆ 1878ರಲ್ಲಿ ಹುಟ್ಟಿದ ಯುಜುರು ಹಿರಾಗಾ ಯಾರಿಗೂ ಏನನ್ನೂ ಬಿಟ್ಟುಕೊಡುವ ಆಸಾಮಿ ಅಲ್ಲ. ನೌಕಾಪಡೆಯವರು ಅವರ ಹೆಸರನ್ನೇ ತಿರುಚಿ ಹಿರಾಗಾ ಯುಜುರಾಜು, ಅಂದರೆ ಬಿಟ್ಟುಕೊಡದ ಹಿರಾಗಾ, ಅಂತ ಕರೀತಿದ್ರು.

ಟೋಕಿಯೋ ಇಂಪೀರಿಯಲ್ ಯೂನಿವರ್ಸಿಟಿಯಲ್ಲಿ ಹಡಗು ನಿರ್ಮಾಣ ಓದಿ, ಇಂಗ್ಲೆಂಡಿನ ಗ್ರೀನಿಚ್‌ನಲ್ಲಿ ಇನ್ನಷ್ಟು ಕಲಿತು ಬಂದ ಹಿರಾಗಾ, ಯೊಕೊಸುಕಾದಲ್ಲಿ ಯಮಾಶಿರೋ ಯುದ್ಧನೌಕೆ ಕಟ್ಟುವ ಕೆಲಸ ನೋಡಿಕೊಂಡರು. ಫುಸೋ ಮತ್ತು ಯಮಾಶಿರೋ ಅಕ್ಕ-ತಂಗಿ ಹಡಗುಗಳು. 14 ಇಂಚಿನ 12 ತೋಪು, ಎರಡೆರಡರಂತೆ 6 ಗೋಪುರ, ಎಲ್ಲವೂ ಮುಂದಿನಿಂದ ಹಿಂದಿನವರೆಗೆ ಒಂದೇ ಸಾಲಲ್ಲಿ. ಕೇಳೋಕೆ ಭರ್ಜರಿ. ಆದರೆ ಮದ್ದುಗುಂಡಿನ ಕೋಣೆಗಳು ಹಡಗಿನುದ್ದಕ್ಕೂ ಹರಡಿಕೊಂಡರೆ ರಕ್ಷಣೆಗೆ ಹಾಕೋ ಉಕ್ಕಿನ ಕವಚವೂ ಅಷ್ಟುದ್ದ ಬೇಕಲ್ವಾ? ತೂಕ ಅಲ್ಲೇ ಹೋಯಿತು. ಮಧ್ಯದ ಎರಡು ಗೋಪುರಗಳು ಬಾಯ್ಲರ್‌ಗಳ ಜಾಗಕ್ಕೂ ಅಡ್ಡ ಬಂದವು.

ತೂಕದ ಲೆಕ್ಕವೇ ಹಿರಾಗಾ ಅವರ ಮುಂದಿನ ಬದುಕು. 1923ರ ಯುಬಾರಿ ಎಂಬ ಪುಟ್ಟ ಕ್ರೂಸರ್ ನೋಡಿ: 5,500 ಟನ್ ಹಡಗು ಒಂದು ಪಕ್ಕಕ್ಕೆ ಹಾರಿಸುವಷ್ಟೇ ತೋಪುಗಳನ್ನು ಹೆಚ್ಚುಕಡಿಮೆ ಅರ್ಧ ತೂಕದಲ್ಲಿ ಹೊರಿಸಿದರು. ಕವಚವನ್ನು ಮೇಲೆ ಅಂಟಿಸೋ ಬದಲು ಹಡಗಿನ ಮೈಗೇ ಬಲ ಕೊಡುವ ಭಾಗ ಮಾಡಿದ್ದು ಇದರ ಗುಟ್ಟು. (ಕಟ್ಟಿ ಮುಗಿಸಿದಾಗ ಅಂದುಕೊಂಡಿದ್ದಕ್ಕಿಂತ ತೂಕ ಜಾಸ್ತಿಯೇ ಆಗಿತ್ತು, ಅದು ಬೇರೆ ಮಾತು.)

ಮ್ಯೋಕೋ ಕ್ರೂಸರ್‌ಗಳಿಗೆ ಟಾರ್ಪೆಡೋ ಟ್ಯೂಬ್ ಬೇಕು ಅಂತ ಅಧಿಕಾರಿಗಳು ಹಟ ಹಿಡಿದಾಗ ಹಿರಾಗಾ ಒಪ್ಪಲಿಲ್ಲ. ಅವರು ವಿದೇಶ ಪ್ರವಾಸಕ್ಕೆ ಹೋದಾಗ ಕಿಕುವೊ ಫುಜಿಮೊಟೊ ಟ್ಯೂಬ್ ಸೇರಿಸಿಕೊಟ್ಟರು. ವಾಪಸ್ ಬಂದ ಹಿರಾಗಾಗೆ ಸಿಕ್ಕಿದ್ದು ಸಂಶೋಧನಾ ಸಂಸ್ಥೆಯ ಕುರ್ಚಿ.

1934ರ ಮಾರ್ಚ್‌ನಲ್ಲಿ ತೊಮೊಜುರು ಅನ್ನೋ ಹೊಸ ಟಾರ್ಪೆಡೋ ದೋಣಿ ಬಿರುಗಾಳಿಗೆ ಮಗುಚಿತು. ಸಣ್ಣ ಮೈ, ಮೇಲೆಲ್ಲ ಆಯುಧ. ನಾವು ಪರೀಕ್ಷೆಗೆ ಅಂತ ಉರುಹೊಡೆಯೋ ಮೆಟಾಸೆಂಟರ್ ಅಲ್ಲಿ ಸುಮಾರು ನೂರು ಜನರ ಜೀವದ ಪ್ರಶ್ನೆ ಆಗಿತ್ತು. ತಪ್ಪು ಫುಜಿಮೊಟೊ ತಲೆಗೆ ಬಂತು, ಮರುವರ್ಷವೇ ಅವರು ತೀರಿಕೊಂಡರು. ಕೇಳಿದ್ದಕ್ಕೆಲ್ಲ ಹೂಂ ಅಂದವರಿಗೆ ಶಿಕ್ಷೆ, ಕೇಳಿದವರಿಗೆ ಏನೂ ಇಲ್ಲ. ಇದು ನಮಗೆ ನ್ಯಾಯ ಅನ್ನಿಸಲ್ಲ. ನೌಕಾಪಡೆ ಮತ್ತೆ ಹಿರಾಗಾ ಅವರ ಸಲಹೆ ಕೇಳಿತು.

ಅವರ ಹಟವನ್ನು ಎಲ್ಲ ಕಡೆ ಮೆಚ್ಚೋಕೂ ಆಗಲ್ಲ. 1938ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಅಧ್ಯಕ್ಷರಾದ ಮೇಲೆ, ಸರ್ಕಾರ ಸಹಿಸದ ವಿಚಾರಗಳ ಪ್ರೊಫೆಸರ್ ಎಯಿಜಿರೋ ಕವಾಯಿಯವರನ್ನು ಹೊರಹಾಕಿಸಿದ್ದು ಇದೇ ಹಿರಾಗಾ.

1943ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ಯಮಾಶಿರೋಗೆ ವಯಸ್ಸಾಗಿತ್ತು. ಮೂವತ್ತರ ದಶಕದಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿಸಿ ಅದರ ನೆತ್ತಿಗೆ ಪಗೋಡದಂಥ ಕಂಬ ಕಟ್ಟಿದ್ದರು. 1944ರ ಅಕ್ಟೋಬರ್ 25ರ ನಸುಕಿನಲ್ಲಿ, ಫಿಲಿಪ್ಪೀನ್ಸ್‌ನ ಸುರಿಗಾವೋ ಜಲಸಂಧಿಯಲ್ಲಿ, ಫುಸೋ ಮತ್ತು ಯಮಾಶಿರೋ ಎರಡೂ ಮುಳುಗಿದವು.