ಪ್ಲೇಗಿಗೆ ಮದ್ದಿತ್ತ ಹಾಫ್ಕಿನ್

ನಮ್ಮ ಹುಬ್ಬಳ್ಳಿಗೂ ನಾವೀಗ ನೆಲೆಸಿರುವ ಗುಜರಾತಿಗೂ ಒಂದೇ ವರ್ಷದಲ್ಲಿ ಉಪಕಾರ ಮಾಡಿದ ಮಹನೀಯರೊಬ್ಬರಿದ್ದರು. ಅವರೇ ವಾಲ್ಡೆಮಾರ್ ಹಾಫ್ಕಿನ್. ಪ್ಲೇಗು ಬಂತೆಂದರೆ ಜನರು ಮನೆಗೆ ಬೀಗ ಜಡಿದು ಊರಾಚೆ ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವದು.

ಹಾಫ್ಕಿನ್ನರು 1860ರಲ್ಲಿ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದಲ್ಲಿ, ಯಹೂದಿ ಮನೆತನದಲ್ಲಿ ಜನಿಸಿದರು. ಮತಾಂತರಕ್ಕೆ ಒಪ್ಪದುದರಿಂದ ಸ್ವದೇಶದಲ್ಲಿ ಅಧ್ಯಾಪಕ ಪದವಿ ದೊರೆಯಲಿಲ್ಲ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಸಣ್ಣ ಕೆಲಸ ಹಿಡಿದು, ಬಿಡುವಿನ ವೇಳೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯೊಳಗೂ ಅದಕ್ಕಿಂತ ಕಿರಿದಾದ ಪರೋಪಜೀವಿಗಳು ಮನೆಮಾಡಿರುವುದನ್ನು 1890ರಲ್ಲಿ ವರ್ಣಿಸಿದರು. ಆಶ್ರಯವಿತ್ತ ಜೀವಕ್ಕೂ ಒಳಹೊಕ್ಕ ಜೀವಕ್ಕೂ ಇರುವ ಸಂಬಂಧವೇ ಅವರ ಬಾಳಿನ ವ್ಯಾಸಂಗವಾಯಿತು. 1892ರಲ್ಲಿ ಕಾಲರಾಕ್ಕೆ ಮದ್ದು ತಯಾರಿಸಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಾದ ಕೋಣೆಯಲ್ಲಿ ಹಾಫ್ಕಿನ್ನರು ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟು ರೋಗಾಣುಗಳನ್ನು ಬೆಳೆಸಿ, ಕಾಯಿಸಿ ಕೊಂದು, ಚುಚ್ಚುಮದ್ದು ಮಾಡಿದರು. 1897ರ ಜನವರಿ 10ರಂದು ಇದನ್ನೂ ಮೊದಲು ತಾವೇ ಪಡೆದರು.

1898ರಲ್ಲಿ ಬರೋಡಾ ಸಂಸ್ಥಾನದ ಉಂಧೇರಾ ಗ್ರಾಮದಲ್ಲಿ ಮದ್ದಿಗೆ ಕಠಿಣ ಪರೀಕ್ಷೆ ನಡೆಯಿತು. ಪ್ರತಿ ಮನೆಯಲ್ಲೂ ಸರಿಸುಮಾರು ಅರ್ಧ ಜನಕ್ಕೆ ಮಾತ್ರ ಮದ್ದು, ಉಳಿದವರಿಗೆ ಇಲ್ಲ. ಎಲ್ಲರೂ ಒಂದೇ ಸೂರಿನಡಿ ಮಲಗಿ, ಒಂದೇ ಒಲೆಯ ಅಡಿಗೆ ಉಂಡವರು. ಬಳಿಕ ಪ್ಲೇಗು ಹೊಕ್ಕ ಮನೆಗಳಲ್ಲಿ ಮದ್ದಿಲ್ಲದ 64 ಜನರ ಪೈಕಿ 26 ಮಂದಿ ಸತ್ತರು. ಮದ್ದು ಪಡೆದ 71 ಜನರ ಪೈಕಿ ಮೂವರು. ಲೆಕ್ಕವು ಸಂದೇಹಕ್ಕೆ ಎಡೆಗೊಡಲಿಲ್ಲ. ಆದರೆ ಆ 26 ಜೀವಗಳ ಋಣವೂ ಅದೇ ಲೆಕ್ಕದಲ್ಲಿ ಸೇರಿದೆಯೆಂಬುದನ್ನು ನಾವು ಮರೆಯಲಾಗದು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರು ಈ ಮದ್ದನ್ನು ಪಡೆದರು.

ಇಂಥವರಿಗೂ ಅಪವಾದ ತಪ್ಪಲಿಲ್ಲ. 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ ಒಂದೇ ಸೀಸೆಯಿಂದ ಮದ್ದು ಪಡೆದ 19 ಜನರು ಧನುರ್ವಾಯುವಿನಿಂದ ತೀರಿಕೊಂಡರು. ಸೀಸೆ ತೆರೆಯುವಾಗ ಸಹಾಯಕನ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಬಳಸಲಾಗಿತ್ತು. ಆದರೂ ಹೊಣೆ ಹಾಫ್ಕಿನ್ನರ ತಲೆಗೆ ಬಂದು, ಹುದ್ದೆ ಕೈಬಿಟ್ಟಿತು. ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮೊದಲಾದವರು ಪತ್ರಿಕೆಯಲ್ಲಿ ಬಹಿರಂಗವಾಗಿ ವಾದಿಸಿದ ಮೇಲೆ 1907ರಲ್ಲಿ ಕಳಂಕ ತೊಲಗಿತು. ಕಲ್ಕತ್ತೆಯಲ್ಲಿ ಮತ್ತೆ ಕೆಲಸ ಸಿಕ್ಕಿತು; ತಾವೇ ಕಟ್ಟಿ ಬೆಳೆಸಿದ ಮುಂಬಯಿಯ ಪ್ರಯೋಗಾಲಯ ಮಾತ್ರ ಮರಳಿ ಸಿಗಲಿಲ್ಲ. 1925ರಲ್ಲಿ ಅದಕ್ಕೆ ಅವರ ಹೆಸರನ್ನಿಡಲಾಯಿತು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಅವರು ಕಾಲವಾದರು.

1994ರಲ್ಲಿ ಸೂರತ್ತಿನಲ್ಲಿ ಪ್ಲೇಗಿನ ಸುದ್ದಿ ಹಬ್ಬಿ ಜನ ಊರು ಬಿಟ್ಟು ಓಡಿದಾಗ, ಟೆಟ್ರಾಸೈಕ್ಲಿನ್ ಮಾತ್ರೆಯಾದರೂ ಕೈಗೆಟಕುವಂತಿತ್ತು. ಉಂಧೇರಾ, ಹುಬ್ಬಳ್ಳಿಗಳ ಜನಕ್ಕೆ ಅಂಥ ಮಾತ್ರೆ ಇರಲಿಲ್ಲ. ಇದ್ದುದು ಹಾಫ್ಕಿನ್ನರ ಸೂಜಿಮದ್ದು. ರಾಜ್ಯೋತ್ಸವದ ಈ ಶುಭದಿನದಂದು ಎರಡು ನಾಡಿನ ಅನ್ನ ಉಂಡಿರುವ ನಾವು, ಎರಡು ನಾಡಿಗೂ ಬೇಕಾದ ಈ ಪರದೇಶಿಯನ್ನು ಕೃತಜ್ಞತೆಯಿಂದ ನೆನೆಯೋಣ.