ಗೇರ್ ಸೈಕಲ್ ಕೈಲಾಗದವರಿಗೆ ಎಂಬುದು ನಿಜವೇ? ವೆಲೋಸಿಯೊ ಎಂಬ ರೇಷ್ಮೆ ವ್ಯಾಪಾರಿಯ ಕಥೆ

ನಿಮ್ಮ ಫೋನಿನಲ್ಲಿ ಸೈಕಲ್ ಸವಾರರ ವಾಟ್ಸ್‌ಆ್ಯಪ್ ಗುಂಪು ಏನಾದರೂ ಇದ್ದರೆ ಎರಡು ಬಗೆಯ ಫಾರ್ವರ್ಡ್‌ಗಳು ಕಣ್ಣಿಗೆ ಬಿದ್ದೇ ಇರುತ್ತವೆ. ಕಡಿಮೆ ಬೆಲೆಗೆ ಚೀನಾದಿಂದ ಕಾರ್ಬನ್ ಫ್ರೇಮು, ಕಾರ್ಬನ್ ಚಕ್ರ ತರಿಸಿ ನೀವೇ ಒಂದು ರೋಡ್ ಬೈಕ್ ಜೋಡಿಸಿಕೊಂಡರೆ ಬೆಟ್ಟ ಹತ್ತುವುದು ನೀರು ಕುಡಿದಷ್ಟು ಸುಲಭ ಎನ್ನುವುದು ಒಂದು. ಚಿಕ್ಕ ಗೇರು ಹಾಕುವವನು ಕೈಲಾಗದವನು, ದೊಡ್ಡ ಗೇರಿನಲ್ಲೇ ತುಳಿದು ಹತ್ತಿದವನು ಗಟ್ಟಿಗ ಎನ್ನುವುದು ಇನ್ನೊಂದು. (ಇಲ್ಲಿ ರೋಡ್ ಬೈಕ್ ಅಂದರೆ ಮೋಟಾರ್ ಸೈಕಲ್ ಅಲ್ಲ, ಡಾಂಬರು ರಸ್ತೆಯಲ್ಲಿ ವೇಗವಾಗಿ ಹೋಗಲು ಮಾಡಿದ ಹಗುರ ಸೈಕಲ್.)

ಮೊದಲನೆಯದು ಈಚೆಗೆ ಹುಟ್ಟಿದ ಮಾತು. ಎರಡನೆಯದಕ್ಕೆ ನೂರಿಪ್ಪತ್ತು ವರ್ಷ ದಾಟಿದೆ. ಆ ಮಾತಿಗೆ ಬದುಕಿಡೀ ಸೈಕಲ್ ತುಳಿದೇ ಉತ್ತರ ಕೊಟ್ಟವರು ಫ್ರಾನ್ಸಿನ ಪೋಲ್ ದ ವಿವಿ. ವೆಲೋಸಿಯೊ ಎಂಬ ಕಾವ್ಯನಾಮದಿಂದಲೇ ಹೆಚ್ಚು ಪ್ರಸಿದ್ಧರು. ಹೊರದೇಶದ ಭಾಗಗಳನ್ನು ನೋಡಿ, ತರಿಸಿ, ಬಿಚ್ಚಿ, ಜೋಡಿಸಿ ಸೈಕಲ್ ಕಲಿತವರ ಸಾಲಿನಲ್ಲಿ ಅವರದು ಬಹಳ ಹಳೆಯ ಹೆಸರು.

ಅವರು ಹುಟ್ಟಿದ್ದು 1853ರಲ್ಲಿ, ದಕ್ಷಿಣ ಫ್ರಾನ್ಸಿನ ಪೆರ್ನ್ ಎಂಬ ಊರಿನಲ್ಲಿ. ಬದುಕು ಕಟ್ಟಿಕೊಂಡಿದ್ದು ಸೇಂಟ್ ಎಟಿಯೆನ್ ಎಂಬ ಕೈಗಾರಿಕಾ ಪಟ್ಟಣದಲ್ಲಿ. ಕಲ್ಲಿದ್ದಲು, ಬಂದೂಕು, ರೇಷ್ಮೆ ರಿಬ್ಬನ್ನು ಆ ಊರಿನ ಕಸುಬುಗಳು. ಪೋಲ್ ರೇಷ್ಮೆ ವ್ಯಾಪಾರಕ್ಕೆ ಇಳಿದರು, ಚೆನ್ನಾಗಿಯೇ ನಡೆಸಿದರು. 1881ರಲ್ಲಿ, ಇಪ್ಪತ್ತೆಂಟನೇ ವಯಸ್ಸಿನಲ್ಲಿ, ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ ಇರುವ ಆ ಕಾಲದ ಸೈಕಲ್ ಒಂದನ್ನು ಕೊಂಡರು. ಅಲ್ಲಿಂದ ರೇಷ್ಮೆಯ ಮೇಲಿನ ಮನಸ್ಸು ಹೋಯಿತು.

ಆಗ ಒಳ್ಳೆಯ ಸೈಕಲ್ ಬೇಕೆಂದರೆ ಇಂಗ್ಲೆಂಡಿನ ಕವೆಂಟ್ರಿಯ ಕಡೆ ನೋಡಬೇಕಿತ್ತು. ಈ ಕವೆಂಟ್ರಿಯ ಕಥೆ ಸ್ವಾರಸ್ಯವಾಗಿದೆ. ಅದೂ ಒಂದು ಕಾಲಕ್ಕೆ ರೇಷ್ಮೆ ರಿಬ್ಬನ್ನಿನ ಊರೇ. 1860ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ವ್ಯಾಪಾರ ಒಪ್ಪಂದವಾಗಿ ಸುಂಕ ಎದ್ದುಹೋದಾಗ ಫ್ರೆಂಚ್ ರಿಬ್ಬನ್ನುಗಳು ಸುಲಭವಾಗಿ ಒಳಗೆ ಬಂದವು, ಕವೆಂಟ್ರಿಯ ಮಗ್ಗಗಳು ನಿಂತವು, ಸಾವಿರಾರು ನೇಕಾರರು ಬೀದಿಗೆ ಬಿದ್ದರು. ಬದುಕಬೇಕಲ್ಲ, ಊರು ಮೊದಲು ಹೊಲಿಗೆ ಯಂತ್ರಕ್ಕೆ, ಆಮೇಲೆ ಸೈಕಲ್ಲಿಗೆ ಹೊರಳಿತು. ಎರಡು ದಶಕ ಕಳೆಯುವಷ್ಟರಲ್ಲಿ, ಫ್ರಾನ್ಸಿನ ರಿಬ್ಬನ್ ಪಟ್ಟಣದ ರೇಷ್ಮೆ ವ್ಯಾಪಾರಿ ಅದೇ ಕವೆಂಟ್ರಿಯಿಂದ ಸೈಕಲ್ ಆಮದು ಮಾಡಿಕೊಳ್ಳುವಂತಾಯಿತು. ಆಮದು ಮಾಲು ಒಬ್ಬರ ಕಸುಬು ಕಿತ್ತುಕೊಂಡು ಇನ್ನೊಬ್ಬರಿಗೆ ಕಸುಬು ಕೊಡುವ ಕಥೆ ಇವತ್ತಿನದಲ್ಲ.

1887ರಲ್ಲಿ ಪೋಲ್ ರೇಷ್ಮೆ ವ್ಯಾಪಾರವನ್ನು ಮಾರಿಬಿಟ್ಟು ಸೈಕಲ್ ಅಂಗಡಿ ತೆರೆದರು. ಅದೇ ವರ್ಷ ಒಂದು ಸೈಕಲ್ ಪತ್ರಿಕೆಯನ್ನೂ ಆರಂಭಿಸಿದರು. ಮುಂದೆ ಲ ಸಿಕ್ಲಿಸ್ತ್ ಎಂದು ಹೆಸರಾದ ಈ ಪತ್ರಿಕೆಯಲ್ಲೇ ಅವರು ವೆಲೋಸಿಯೊ ಆಗಿದ್ದು. ಎರಡು ವರ್ಷಕ್ಕೆ, 1889ರಲ್ಲಿ, ಅವರದೇ ಸೈಕಲ್ ಹೊರಬಂತು. ಹೆಸರು ಲಾ ಗೊಲುವಾಸ್. ಎರಡೂ ಚಕ್ರ ಒಂದೇ ಅಳತೆ, ಹಿಂದಿನ ಚಕ್ರಕ್ಕೆ ಚೈನು, ಒಂದೇ ಗೇರು. ಇವತ್ತಿನ ಸೈಕಲ್ಲಿನ ರೂಪವೇ.

ಅಲ್ಲಿಂದ ಅವರ ತಲೆನೋವು ಶುರು. ಸೇಂಟ್ ಎಟಿಯೆನ್ ಸಮತಟ್ಟಾದ ಊರಲ್ಲ. ಊರು ದಾಟಿದ ಕೂಡಲೇ ಕೋಲ್ ದ ಲಾ ರೆಪ್ಯುಬ್ಲಿಕ್ ಎಂಬ ಘಾಟಿ. ಅದರ ನೆತ್ತಿ 1,161 ಮೀಟರ್ ಎತ್ತರದಲ್ಲಿದೆ, ಸುಮಾರು 12 ಕಿ.ಮೀ. ಏರು. ಒಂದೇ ಗೇರಿನ ಸೈಕಲ್ಲಿಗೆ ಏರು ಹತ್ತುವಂಥ ಗೇರು ಹಾಕಿದರೆ ಇಳಿಜಾರಿನಲ್ಲೂ ಸಮತಟ್ಟಿನಲ್ಲೂ ಕಾಲು ಗಿರಗಿರ ತಿರುಗುತ್ತದೆಯೇ ಹೊರತು ವೇಗ ಸಿಗುವುದಿಲ್ಲ. ಸಮತಟ್ಟಿಗೆ ಹೊಂದುವಂಥದ್ದು ಹಾಕಿದರೆ ಏರಿನಲ್ಲಿ ಇಳಿದು ತಳ್ಳಬೇಕು. ವೆಲೋಸಿಯೊ ಮೊದಲು ಮುಂದುಗಡೆ ಎರಡು ಹಲ್ಲುಚಕ್ರ ಹಾಕಿ, ಇಳಿದು ಕೈಯಿಂದಲೇ ಚೈನನ್ನು ಒಂದರಿಂದ ಇನ್ನೊಂದಕ್ಕೆ ಎತ್ತಿಡುವ ವ್ಯವಸ್ಥೆ ಮಾಡಿಕೊಂಡರು. ಆಮೇಲೆ ಸೈಕಲ್ಲಿನ ಎಡಬದಿಯಲ್ಲೂ ಎರಡು ಹಲ್ಲುಚಕ್ರ ಸೇರಿಸಿ ನಾಲ್ಕು ಗೇರು ಮಾಡಿದರು. ಇಂಗ್ಲೆಂಡಿನ ವಿಪೆಟ್ ಸೈಕಲ್ಲಿನ ಗೇರನ್ನು ತರಿಸಿ, ಅದು ಹೇಗೆ ಕೆಲಸ ಮಾಡುತ್ತದೆಂದು ನೋಡಿ ಕಲಿತರು.

ಗೇರು ಬದಲಿಸುವ ಡಿರೇಲರನ್ನು ಕಂಡುಹಿಡಿದವರೇ ಇವರು ಎಂದು ಕೆಲವು ಕಡೆ ಓದುತ್ತೀರಿ. ಅದನ್ನು ಹಾಗೆಯೇ ಫಾರ್ವರ್ಡ್ ಮಾಡಬೇಡಿ. ಹಲವು ದೇಶಗಳ ಹಲವರು ಆ ಹೊತ್ತಿಗೆ ಬೇರೆ ಬೇರೆ ಬಗೆಯ ಗೇರುಗಳ ಮೇಲೆ ಕೆಲಸ ಮಾಡುತ್ತಿದ್ದರು. ಅದೇ ಊರಿನ ಜೋನಿ ಪಾನೆಲ್ ಎಂಬವರು ಲ ಶೆಮಿನೋ ಎಂಬ ಡಿರೇಲರ್ ತಯಾರಿಸಿ ಮಾರಿದರು. ವೆಲೋಸಿಯೊ ಮಾಡಿದ ಕೆಲಸ ಬೇರೆ. ಹೊಸದಾಗಿ ಬಂದ ಪ್ರತಿಯೊಂದನ್ನೂ ತಮ್ಮ ಸೈಕಲ್ಲಿಗೆ ಹಾಕಿ, ನೂರಾರು ಕಿ.ಮೀ. ತುಳಿದು, ಸರಿಯೋ ಇಲ್ಲವೋ ಎಂದು ಪತ್ರಿಕೆಯಲ್ಲಿ ಬರೆದು ಊರಿಗೆಲ್ಲ ಹೇಳಿದರು. ನನಗೆ ಕೇಳಿದರೆ ಕಂಡುಹಿಡಿಯುವುದಕ್ಕಿಂತ ಇದೇನೂ ಸಣ್ಣ ಕೆಲಸವಲ್ಲ.

ಅವರ ಎದುರಾಳಿ ಸಾಮಾನ್ಯ ವ್ಯಕ್ತಿಯಾಗಿರಲಿಲ್ಲ. ಆನ್ರಿ ದೆಗ್ರಾಂಜ್ 1893ರಲ್ಲಿ ಒಂದು ಗಂಟೆಯಲ್ಲಿ 35.325 ಕಿ.ಮೀ. ತುಳಿದು ದಾಖಲೆ ಮಾಡಿದವರು, ಪ್ಯಾರಿಸ್ಸಿನ ಕ್ರೀಡಾ ಪತ್ರಿಕೆಯ ಸಂಪಾದಕರು, 1903ರಲ್ಲಿ ಟೂರ್ ಡಿ ಫ್ರಾನ್ಸ್ ಆರಂಭಿಸಿದವರು. ಗೇರು ಬದಲಿಸುವ ಸೈಕಲ್ ನಲವತ್ತೈದು ದಾಟಿದವರಿಗೆ ಮಾತ್ರ ಸರಿ, ಸ್ಪರ್ಧೆಯಲ್ಲಿ ಗೆಲ್ಲಬೇಕಾದ್ದು ತೋಳು ತೊಡೆಗಳೇ ಹೊರತು ಯಂತ್ರವಲ್ಲ ಎಂಬುದು ಅವರ ನಿಲುವು. 1902ರಲ್ಲಿ ಟೂರಿಂಗ್ ಕ್ಲಬ್ ದ ಫ್ರಾನ್ಸ್ ಎಂಬ ಸಂಸ್ಥೆ ಪಿರನೀಸ್ ಪರ್ವತದ ತೂರ್ಮಾಲೆ ಘಾಟಿಯಲ್ಲಿ ಸೈಕಲ್ಲುಗಳ ಪರೀಕ್ಷೆ ನಡೆಸಿದಾಗ ಮಾರ್ತ್ ಎಸ್ ಎಂಬ ಮಹಿಳೆ ಮೂರು ಗೇರಿನ ಗೊಲುವಾಸ್ ಸೈಕಲ್ ತುಳಿದು, ನೆಲಕ್ಕೆ ಕಾಲಿಡದೆ, ಆ 2,115 ಮೀಟರ್ ಎತ್ತರದ ಘಾಟಿ ಹತ್ತಿದರು. ಅದನ್ನು ಕಂಡ ಮೇಲೂ ದೆಗ್ರಾಂಜ್ ಮನಸ್ಸು ಬದಲಿಸಲಿಲ್ಲ. ಅವರ ಟೂರ್‌ನಲ್ಲಿ ವೃತ್ತಿಪರ ಸವಾರರು ಹಿಂದಿನ ಚಕ್ರದ ಎರಡು ಬದಿಗೆ ಎರಡು ಅಳತೆಯ ಹಲ್ಲುಚಕ್ರ ಹಾಕಿಸಿಕೊಂಡು, ಏರಿನ ಬುಡದಲ್ಲಿ ಇಳಿದು, ಚಕ್ರ ಕಳಚಿ ತಿರುಗಿಸಿ ಹಾಕಿ ಮತ್ತೆ ಹತ್ತಬೇಕಿತ್ತು. ಮೂವತ್ತು ವರ್ಷಕ್ಕೂ ಮೇಲೆ ಹೀಗೆಯೇ ನಡೆಯಿತು.

ಲೆಕ್ಕ ಏನು ಹೇಳುತ್ತದೆ? ನೂರು ಮೀಟರ್ ಮುಂದೆ ಹೋದರೆ ಎಂಟು ಮೀಟರ್ ಮೇಲೇರುವ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೀರಿ ಎಂದುಕೊಳ್ಳಿ. ಮುಂದೆ 50 ಹಲ್ಲು, ಹಿಂದೆ 25 ಹಲ್ಲಿನ ಗೇರಿನಲ್ಲಿದ್ದರೆ ಪೆಡಲು ನಿಮಿಷಕ್ಕೆ ಸುಮಾರು 40 ಸುತ್ತು ತಿರುಗುತ್ತದೆ. ಮುಂದೆ 34, ಹಿಂದೆ 32 ಹಲ್ಲಾದರೆ ಸುಮಾರು 75 ಸುತ್ತು. ವೇಗ ಅದೇ, ಮೈಯಿಂದ ಹೊರಡುವ ಒಟ್ಟು ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಮೊದಲನೆಯ ಗೇರಿನಲ್ಲಿ ಪ್ರತಿ ತುಳಿತಕ್ಕೂ ಹಾಕಬೇಕಾದ ಒತ್ತಡ ಎರಡನೆಯದರ ಹತ್ತಿರಹತ್ತಿರ ಎರಡರಷ್ಟು. ಅದು ಬೀಳುವುದು ಮಂಡಿಯ ಮೇಲೆ, ತೊಡೆಯ ಸ್ನಾಯುವಿನ ಮೇಲೆ. ಗೇರು ಶಕ್ತಿಯನ್ನು ಹುಟ್ಟಿಸುವುದಿಲ್ಲ, ಇರುವ ಶಕ್ತಿಯನ್ನು ಕಾಲಿಗೆ ಒಗ್ಗುವ ಸಣ್ಣ ತುತ್ತುಗಳಾಗಿ ಹಂಚುತ್ತದೆ. ವೆಲೋಸಿಯೊ ಅನುಭವದಿಂದ ಹೇಳುತ್ತಿದ್ದುದು ಇದನ್ನೇ.

ಈಗ ಕಾರ್ಬನ್ ಫಾರ್ವರ್ಡ್‌ಗೆ ಬನ್ನಿ. ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 80 ಕಿಲೋ ಇದೆ ಎನ್ನೋಣ. ಕಾರ್ಬನ್ ಭಾಗಗಳಿಂದ 2 ಕಿಲೋ ಉಳಿಸಿದಿರಿ. ಅದು ಶೇ. 2.5. ಒಂದು ಗಂಟೆಯ ಏರಿನಲ್ಲಿ ಉಳಿಯುವುದು ಹೆಚ್ಚೆಂದರೆ ಒಂದೂವರೆ ನಿಮಿಷ. ಸ್ಪರ್ಧಿಗೆ ಅದು ದೊಡ್ಡದೇ. ಮೊದಲ ಬಾರಿ ನಂದಿ ಬೆಟ್ಟ ಹತ್ತುವವರಿಗೆ ದೊಡ್ಡದು ಯಾವುದೆಂದರೆ, ಕೊನೆಯ ತಿರುವಿನಲ್ಲಿ ಇಳಿದು ತಳ್ಳದೆ ಹತ್ತಬಲ್ಲ ಗೇರು.

ಹಾಗಾಗಿ ನೀವೇ ಭಾಗ ತರಿಸಿ ಜೋಡಿಸುವುದಾದರೆ ಫ್ರೇಮಿನ ಬಣ್ಣಕ್ಕಿಂತ ಮೊದಲು ಹಲ್ಲುಗಳ ಲೆಕ್ಕ ಹಾಕಿ. ಮುಂದೆ 50 ಮತ್ತು 34, ಹಿಂದೆ 11ರಿಂದ 32 ಎಂದಾದರೆ ಮುಂದಿನ ವ್ಯತ್ಯಾಸ 16, ಹಿಂದಿನದು 21, ಒಟ್ಟು 37. ಅಷ್ಟು ಚೈನಿನ ಸಡಿಲವನ್ನು ಎಳೆದು ಹಿಡಿಯುವ ಹಿಂದಿನ ಡಿರೇಲರ್ ಬೇಕು. ಗಿಡ್ಡ ಕೇಜಿನದು ಅಗ್ಗವಾಗಿ ಸಿಕ್ಕಿತೆಂದು ತಂದರೆ ಚೈನು ಜೋತಾಡುತ್ತದೆ. ಪೆಡಲಿನ ಬಳಿಯ ಬಾಟಮ್ ಬ್ರಾಕೆಟ್ ಮರೆಯುಳ್ಳದ್ದೋ ಒತ್ತಿ ಕೂರಿಸುವುದೋ, ಹಿಂದಿನ ಚಕ್ರದ ಹಬ್ ನಿಮ್ಮ ಕ್ಯಾಸೆಟ್ಟಿಗೆ ಹೊಂದುತ್ತದೋ ಇಲ್ಲವೋ, ಹಣ ಕಟ್ಟುವ ಮೊದಲೇ ನೋಡಬೇಕು. ಕಾರ್ಬನ್ನಿಗೆ ಬೋಲ್ಟ್ ಬಿಗಿಯುವಾಗ ಕೈಯಳತೆ ನಡೆಯುವುದಿಲ್ಲ. ಎಷ್ಟು ನ್ಯೂಟನ್ ಮೀಟರ್ ಎಂದು ಭಾಗದ ಮೇಲೆಯೇ ಬರೆದಿರುತ್ತದೆ, ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಸೈಕಲ್ ಅಂಗಡಿಗೆ ಒಯ್ಯಿರಿ. ಅತಿಯಾಗಿ ಬಿಗಿದ ಕಾರ್ಬನ್ ಒಳಗೊಳಗೇ ಸೀಳುತ್ತದೆ, ಕಬ್ಬಿಣದ ಹಾಗೆ ಬಾಗಿ ಮುನ್ಸೂಚನೆ ಕೊಡುವುದಿಲ್ಲ. ಬೆಲೆ ನಂಬಲಾಗದಷ್ಟು ಕಡಿಮೆಯಿದ್ದು ದೊಡ್ಡ ಕಂಪನಿಯ ಹೆಸರು ಅಂಟಿಸಿದ್ದರೆ ಅದು ನಕಲಿ ಇರಬಹುದು. ಹ್ಯಾಂಡಲ್ ಮತ್ತು ಮುಂದಿನ ಫೋರ್ಕಿನ ವಿಷಯದಲ್ಲಂತೂ ಅಂಥ ಜೂಜು ಬೇಡ.

ಟೈರಿನ ವಿಷಯದಲ್ಲೂ ವೆಲೋಸಿಯೊ ಕಾಲಕ್ಕಿಂತ ಮುಂದಿದ್ದರು. ಕೆಟ್ಟ ರಸ್ತೆಗೆ 40 ಮಿ.ಮೀ. ದಾಟಿದ ಅಗಲ ಟೈರೇ ಸರಿ, ಅದರಿಂದ ವೇಗ ಕುಂದದು ಎಂದು ಅವರು ವಾದಿಸುತ್ತಿದ್ದರು. ಸಣಕಲು ಟೈರಿಗೆ ಕಲ್ಲಿನಂತೆ ಗಾಳಿ ಹೊಡೆದರೆ ವೇಗ ಎಂಬ ನಂಬಿಕೆ ಆಮೇಲೆ ದಶಕಗಟ್ಟಲೆ ಉಳಿಯಿತು. ಈಗ ಸ್ಪರ್ಧೆಯ ಸೈಕಲ್ಲುಗಳೂ 23 ಮಿ.ಮೀ.ನಿಂದ 28, 30ರ ಕಡೆಗೆ ಬಂದಿವೆ. ಒರಟು ರಸ್ತೆಯಲ್ಲಿ ಗಟ್ಟಿ ಟೈರು ಪುಟಿಯುತ್ತದೆ, ಆ ಕುಲುಕಾಟದಲ್ಲೇ ಶಕ್ತಿ ಸೋರಿಹೋಗುತ್ತದೆ.

ದೂರ ಹೋಗುವವರಿಗಾಗಿ ಅವರು ಏಳು ಸೂತ್ರಗಳನ್ನೂ ಬರೆದಿಟ್ಟರು. ಹಸಿವಾಗುವ ಮೊದಲೇ ತಿನ್ನುವುದು, ಬಾಯಾರುವ ಮೊದಲೇ ಕುಡಿಯುವುದು, ಮೊದಲ ಗಂಟೆಗಳಲ್ಲಿ ಮೈಮೇಲೆ ಬಿದ್ದು ತುಳಿಯದಿರುವುದು, ಜಂಬಕ್ಕಾಗಿ ತುಳಿಯದಿರುವುದು ಅವುಗಳಲ್ಲಿ ಕೆಲವು. ತಿನ್ನುವ ಮಾತು ಇವತ್ತಿಗೂ ಸರಿ. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯಂಶ ಜೋರಾಗಿ ತುಳಿದರೆ ಒಂದೂವರೆ, ಎರಡು ಗಂಟೆಯಲ್ಲಿ ತಳ ಕಾಣುತ್ತದೆ. ನೀರಿನ ಮಾತನ್ನು ಮಾತ್ರ ಅತಿಗೆ ಒಯ್ಯಬೇಡಿ. ಬೇಕಾಗಿದ್ದಕ್ಕಿಂತ ತುಂಬಾ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಜೀವಕ್ಕೇ ಅಪಾಯವಾಗಬಹುದು. ದೂರದ ಓಟ, ಸವಾರಿಗಳಲ್ಲಿ ಹೀಗೆ ಆಗಿದ್ದುಂಟು. ಸಾಮಾನ್ಯರಿಗೆ ಬಾಯಾರಿಕೆಯನ್ನು ಗಮನಿಸಿ ಕುಡಿಯುವುದು ಸಾಕು. ವೆಲೋಸಿಯೊ ಸಸ್ಯಾಹಾರಿ. ಸವಾರಿಯ ದಿನಗಳಲ್ಲಿ ಮದ್ಯ, ಮಾಂಸ, ತಂಬಾಕು ಬೇಡ ಎನ್ನುವುದೂ ಆ ಸೂತ್ರಗಳಲ್ಲೊಂದು. ಮಾಂಸ ತಿನ್ನದಿದ್ದರೆ ಸೈಕಲ್ ತುಳಿಯಲು ಶಕ್ತಿಯಿರುವುದಿಲ್ಲ ಎನ್ನುವವರಿಗೆ ಅವರ ಬದುಕೇ ಒಂದು ಉದಾಹರಣೆ. ಹಾಗೆಂದು ಒಬ್ಬರ ಬದುಕು ವೈಜ್ಞಾನಿಕ ಪುರಾವೆಯಾಗುವುದಿಲ್ಲ, ಅದೂ ನೆನಪಿರಲಿ.

ವಯಸ್ಸಾದರೂ ಅವರು ಸೈಕಲ್ ಬಿಡಲಿಲ್ಲ. 1922ರಲ್ಲಿ ಅವರ ಗೌರವಕ್ಕಾಗಿ ಕೋಲ್ ದ ಲಾ ರೆಪ್ಯುಬ್ಲಿಕ್ ಹತ್ತುವ ವೆಲೋಸಿಯೊ ದಿನ ಆರಂಭವಾದಾಗ ಅವರಿಗೆ ಅರವತ್ತೊಂಬತ್ತು. 1930ರ ಫೆಬ್ರವರಿ 27ರಂದು ಸೇಂಟ್ ಎಟಿಯೆನ್ನಿನ ಬೀದಿಯಲ್ಲಿ ಟ್ರಾಮ್ ಬಡಿದು ತೀರಿಕೊಂಡರು. ಆಗ ವಯಸ್ಸು 76. ಆ ಘಾಟಿಯ ನೆತ್ತಿಯ ಮೇಲೆ ಅವರ ಸ್ಮಾರಕವಿದೆ. ದೆಗ್ರಾಂಜ್ ಅವರ ಮೊದಲ ಟೂರ್ ಡಿ ಫ್ರಾನ್ಸ್ ಲಿಯೋನ್‌ನಿಂದ ಮಾರ್ಸೇಗೆ ಹೋಗುವಾಗ, ಗೇರಿಲ್ಲದ ಸೈಕಲ್ಲುಗಳಲ್ಲಿ ಹತ್ತಿಳಿದದ್ದು ಇದೇ ಘಾಟಿಯನ್ನು. ಅದೇ ಟೂರ್ 1937ರಲ್ಲಿ ಕೊನೆಗೂ ಡಿರೇಲರಿಗೆ ಅನುಮತಿ ಕೊಟ್ಟಿತು. ಆ ವರ್ಷ ಗೆದ್ದವರು ರೋಜೆ ಲಪೆಬಿ. ಆಗ ಅವರಿಗೆ ಇಪ್ಪತ್ತಾರು ವರ್ಷ.