ಚಂದ್ರ ನಮ್ಮ ಜೊತೆಗೇ ಬರುತ್ತಾನೆ ಎನ್ನುವ ಮಗು ದಡ್ಡ ಅಲ್ಲ: ಪಿಯಾಜೆ ಕಂಡುಕೊಂಡದ್ದೇನು?

ಹುಣ್ಣಿಮೆ ರಾತ್ರಿ ಯರಗುಪ್ಪಿಯ ಎರೆಹೊಲಗಳ ನಡುವೆ ಬಸ್ಸು ಓಡುತ್ತಿದ್ದರೆ, ಕಿಟಕಿ ಪಕ್ಕ ಕುಳಿತ ಐದು ವರ್ಷದ ಮಗುವಿಗೆ ಚಂದ್ರ ಜೊತೆಗೇ ಬರುತ್ತಿರುವಂತೆ ಕಾಣುತ್ತದೆ. ಹತ್ತಿರದ ಮರಗಳು ಹಿಂದೆ ಸರಿಯುತ್ತವೆ. ಸುಮಾರು 3.84 ಲಕ್ಷ ಕಿ.ಮೀ. ದೂರದ ಚಂದ್ರ ಸರಿಯುವುದಿಲ್ಲ. ಮಗು ಕಂಡದ್ದನ್ನೇ ಹೇಳುತ್ತದೆ, ನಾವು ನಗುತ್ತೇವೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮಾತ್ರ ಮಕ್ಕಳಿಗೆ ಇದೇ ಪ್ರಶ್ನೆ ಕೇಳಿ, ಉತ್ತರಗಳನ್ನು ಬರೆದಿಟ್ಟರು.

ಟಿಇಟಿಗೆ ಓದಿದವರಿಗೆ ಈ ಹೆಸರು ಬಾಯಿಪಾಠ. 1896ರಲ್ಲಿ ನ್ಯೂಶಾಟೆಲ್‌ನಲ್ಲಿ ಹುಟ್ಟಿದ ಪಿಯಾಜೆ ಮೊದಲು ಅಧ್ಯಯನ ಮಾಡಿದ್ದು ಮಕ್ಕಳನ್ನಲ್ಲ, ಬಸವನಹುಳುವಿನಂಥ ಮೃದ್ವಂಗಿಗಳನ್ನು! 1918ರಲ್ಲಿ ಡಾಕ್ಟರೇಟ್ ಸಿಕ್ಕಿದ್ದೂ ಅದಕ್ಕೇ. ಬಳಿಕ ಪ್ಯಾರಿಸ್‌ನಲ್ಲಿ ಮಕ್ಕಳ ಬುದ್ಧಿಮತ್ತೆ ಪರೀಕ್ಷೆಗಳ ಕೆಲಸ. ಅಂಕ ಹಾಕಿ ಮುಗಿಸಬಹುದಿತ್ತು. ಆದರೆ ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿರುವುದು ಅವರ ಕಣ್ಣಿಗೆ ಬಿತ್ತು. ಹಾಗಾದರೆ ಆ ತಪ್ಪಿನ ಹಿಂದೆಯೂ ಒಂದು ಯೋಚನೆ ಇರಬೇಕು. 1921ರಲ್ಲಿ ಜಿನೀವಾಕ್ಕೆ ಬಂದ ಮೇಲೆ ಬದುಕಿಡೀ ಇದನ್ನೇ ಹುಡುಕಿದರು. ತಮ್ಮ ಮೂವರು ಮಕ್ಕಳನ್ನೂ ಬಿಡಲಿಲ್ಲ.

1928ರಲ್ಲಿ ದಾವೋಸ್‌ನಲ್ಲಿ ಐನ್‌ಸ್ಟೈನ್ ಅವರಿಗೊಂದು ಪ್ರಶ್ನೆ ಹಾಕಿದರು: ಮಗುವಿಗೆ ಮೊದಲು ತಿಳಿಯುವುದು ವೇಗವೋ, ಸಮಯವೋ? ಉತ್ತರ ಪುಸ್ತಕವಾಗಿ ಬಂದದ್ದು 1946ರಲ್ಲಿ. ಒಂದು ಪ್ರಯೋಗ ಹೀಗಿತ್ತು. ಒಂದು ಉದ್ದದ ಸುರಂಗ, ಇನ್ನೊಂದು ಗಿಡ್ಡದು. ಎರಡು ಗೊಂಬೆಗಳು ಒಟ್ಟಿಗೇ ಒಳಹೊಕ್ಕು ಒಟ್ಟಿಗೇ ಹೊರಬರುತ್ತವೆ. ಯಾವುದು ಜೋರಾಗಿ ಹೋಯಿತು? ಐದಾರು ವರ್ಷದವರ ಉತ್ತರ: ಎರಡೂ ಸಮ. ಒಂದು ಸುರಂಗ ಉದ್ದ ಎಂಬುದು ಅವರಿಗೆ ಗೊತ್ತಿದ್ದರೂ ಅಷ್ಟೇ. ಅವರ ಪಾಲಿಗೆ ವೇಗವೆಂದರೆ ಯಾರು ಮುಂದೆ ಹೋದರು ಎಂಬುದು, ಅಂದರೆ ಸ್ಥಾನ. ಸುರಂಗ ತೆಗೆದು ಗೊಂಬೆಗಳ ಓಟ ತೋರಿಸಿದಾಗಷ್ಟೇ ಉತ್ತರ ಬದಲಾಯಿತು. ದೂರ ಮತ್ತು ಸಮಯ ಎರಡನ್ನೂ ಜೋಡಿಸಿ ಲೆಕ್ಕ ಹಾಕುವುದು ಸುಮಾರು ಹತ್ತು ವರ್ಷದ ಹೊತ್ತಿಗೆ.

ಪಿಯಾಜೆ ಹೇಳಿದ್ದೆಲ್ಲ ನಿಂತಿಲ್ಲ. ಎದುರು ಕೂತ ಗೊಂಬೆಗೆ ಬೆಟ್ಟದ ಮಾದರಿ ಹೇಗೆ ಕಾಣುತ್ತದೆಂದು ಚಿಕ್ಕ ಮಕ್ಕಳಿಗೆ ಹೇಳಲಾಗದು ಎಂದಿದ್ದರು. 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ಇದನ್ನೇ ಪೊಲೀಸರ ಕಣ್ಣಿಗೆ ಬೀಳದಂತೆ ಗೊಂಬೆ ಬಚ್ಚಿಡುವ ಆಟವಾಗಿ ಮಾಡಿದಾಗ ನಾಲ್ಕು ವರ್ಷದವರೂ ಸಲೀಸಾಗಿ ಗೆದ್ದರು. ಪಿಯಾಜೆ 1980ರಲ್ಲಿ ತೀರಿಕೊಂಡರು.

ಆದರೆ ವೇಗದ ವಿಷಯ ಇವತ್ತಿಗೂ ನಮ್ಮ ರಸ್ತೆಗೆ ಬೇಕು. ದಾಟಲು ನಿಂತ ಆರು ವರ್ಷದ ಮಗು ಎರಡೂ ಕಡೆ ನೋಡುತ್ತದೆ, ಆದರೆ ಅಳೆಯುವುದು ಹೆಚ್ಚಾಗಿ ದೂರವನ್ನು. ನಿಧಾನವಾಗಿ ಬರುವ ಹತ್ತಿರದ ಟ್ರ್ಯಾಕ್ಟರ್‌ಗೆ ಹೆದರಿ ನಿಲ್ಲುತ್ತದೆ, ದೂರದಿಂದ ರಭಸವಾಗಿ ಬರುವ ಬೈಕ್‌ಗೆ ಹೆದರುವುದಿಲ್ಲ. ನೋಡಿಕೊಂಡು ದಾಟು ಎಂದು ಹೇಳಿ ಕಳಿಸಿದರೆ ಸಾಲದು, ಕೈ ಹಿಡಿದೇ ದಾಟಿಸಿ.